ಟಸ್ಕನಿಯ ಬಿಳಿ ದಾರಿಗಳು: ಡಾಂಬರು ಬೇಡಿದ ಸೈಕಲ್ ಮರಳಿ ಜಲ್ಲಿಗೆ

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಸಿಯೆನಾ ನಗರದ ಈಶಾನ್ಯಕ್ಕೆ, ಗಾಯೊಲೆ ಎಂಬ ಸಣ್ಣ ಊರಿದೆ. ಸುತ್ತ ಕಿಯಾಂಟಿ ಗುಡ್ಡಗಳು. ಗುಡ್ಡದ ನೆತ್ತಿಯಲ್ಲಿ ಓಕ್ ಮತ್ತು ಚೆಸ್ಟ್‌ನಟ್ ಕಾಡು, ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ಅಲ್ಲಲ್ಲಿ ಆಲಿವ್ ಮರಗಳು. ಜನಸಂಖ್ಯೆ ಮೂರು ಸಾವಿರವನ್ನೂ ಮುಟ್ಟದ ಈ ಊರಿಗೆ ಅಕ್ಟೋಬರ್ ತಿಂಗಳ ಮೊದಲ ಭಾನುವಾರದ ಹೊತ್ತಿಗೆ ದೇಶ ವಿದೇಶಗಳ ಸಾವಿರಾರು ಸೈಕಲ್ ಸವಾರರು ಬಂದು ಸೇರುತ್ತಾರೆ. ಬೆಳಕು ಹರಿಯುವ ಮೊದಲೇ ಸವಾರಿ ಶುರು. ಬ್ರೋಲಿಯೊ ಕೋಟೆಯತ್ತ ಏರುವ ದಾರಿಯ ಎರಡೂ ಬದಿಗೆ ದೀಪಗಳನ್ನು ಹಚ್ಚಿಟ್ಟಿರುತ್ತಾರೆ. ಸವಾರರ ಮೈಮೇಲೆ ಹಳೆಯ ಕಾಲದ ಉಣ್ಣೆಯ ಅಂಗಿ, ಕಾಲ ಕೆಳಗೆ ಅಪ್ಪನ ಅಥವಾ ಅಜ್ಜನ ಕಾಲದ ಉಕ್ಕಿನ ಸೈಕಲ್.

ಬಂದವರು ಹುಡುಕಿಕೊಂಡು ಬರುವುದು ನುಣುಪಾದ ರಸ್ತೆಯನ್ನಲ್ಲ. ಡಾಂಬರು ಕಾಣದ, ಸುಣ್ಣಕಲ್ಲಿನ ಜಲ್ಲಿ ಹಾಸಿದ, ಬೇಸಿಗೆಯಲ್ಲಿ ಧೂಳೇಳುವ, ಮಳೆ ಬಂದರೆ ಕೆಸರಾಗುವ ಕಚ್ಚಾ ರಸ್ತೆಯನ್ನು. ಇಟಲಿಯವರು ಇದಕ್ಕೆ ಇಟ್ಟ ಹೆಸರು 'ಸ್ತ್ರಾದೆ ಬ್ಯಾಂಕೆ', ಅಂದರೆ ಬಿಳಿ ರಸ್ತೆಗಳು. ಇಂದು ಜಗತ್ತಿನ ಅನೇಕ ದೇಶಗಳಲ್ಲಿ 'ಗ್ರಾವೆಲ್ ಸೈಕ್ಲಿಂಗ್' ಎಂಬ ಹೆಸರಿನಲ್ಲಿ ಹಬ್ಬಿರುವ ಹವ್ಯಾಸಕ್ಕೆ ಈ ದಾರಿಗಳು ಒಂದು ರೀತಿಯ ಯಾತ್ರಾಸ್ಥಳವಾಗಿವೆ.

ಇದರಲ್ಲೊಂದು ವಿಪರ್ಯಾಸವಿದೆ. ನೂರಮೂವತ್ತು ವರ್ಷಗಳ ಹಿಂದೆ, ಮೋಟಾರು ಕಾರು ರಸ್ತೆಗೆ ಇಳಿಯುವ ಮುನ್ನವೇ, ಒಳ್ಳೆಯ ರಸ್ತೆ ಬೇಕೆಂದು ಸರ್ಕಾರಗಳ ಬಾಗಿಲು ತಟ್ಟಿದವರು ಸೈಕಲ್ ಸವಾರರು. ಅವರು ಬೇಡಿದ್ದು ಸಿಕ್ಕಿತು. ಸಿಕ್ಕಿದ ಮೇಲೆ ಅವರ ಮೊಮ್ಮಕ್ಕಳು ಅದನ್ನು ಬಿಟ್ಟು ಜಲ್ಲಿಗೆ ಮರಳಿದರು. ಈ ಎರಡು ಘಟನೆಗಳ ನಡುವೆ ಟಸ್ಕನಿಯ ಗುಡ್ಡಗಾಡಿನ ಒಂದು ಇಡೀ ರೈತ ಸಮುದಾಯ ಊರು ಬಿಟ್ಟು ಹೋಯಿತು. ಬಿಳಿ ದಾರಿಗಳ ಇತಿಹಾಸ ಎಂದರೆ ಈ ಮೂರರ ಇತಿಹಾಸ.

ದಾರಿ ಬಿಳಿ ಏಕೆ?

ಕಿಯಾಂಟಿ ಗುಡ್ಡಗಳಲ್ಲಿ 'ಅಲ್ಬರೇಸೆ' ಎಂಬ ತಿಳಿ ಬಣ್ಣದ ಸುಣ್ಣಕಲ್ಲು ಹೇರಳ. ಹೊಲ ಹದ ಮಾಡುವಾಗ ಮೇಲೆದ್ದ ಈ ಕಲ್ಲಿನಿಂದಲೇ ಮನೆ ಕಟ್ಟಿದರು, ಬದು ಹಾಕಿದರು, ಒಡೆದು ದಾರಿಗೂ ಹಾಸಿದರು. ನಮ್ಮಲ್ಲಿ ಗರಸು ಮಣ್ಣಿನ ರಸ್ತೆ ಕೆಂಪಾಗಿರುವಂತೆ ಅಲ್ಲಿ ಸುಣ್ಣಕಲ್ಲಿನ ರಸ್ತೆ ಬೆಳ್ಳಗಿದೆ, ಅಷ್ಟೇ. ಸಿಯೆನಾದ ಆಗ್ನೇಯಕ್ಕೆ ಹೋದರೆ ಕಾಡು ಹಿಂದೆ ಸರಿದು, 'ಕ್ರೇತೆ' ಎಂದು ಕರೆಯುವ ಬೂದು ಜೇಡಿಯ ಬೋಳು ದಿಬ್ಬಗಳು ಶುರುವಾಗುತ್ತವೆ. ಅಲ್ಲಿ ದಾರಿ ದಿಬ್ಬದ ಬೆನ್ನ ಮೇಲೆ ಸಾಗುತ್ತದೆ. ಕಾರಣ ಸರಳ: ತಗ್ಗಿನ ಜೇಡಿ ಮಳೆಗಾಲದಲ್ಲಿ ಗಾಡಿಯನ್ನು ನುಂಗಿಬಿಡುತ್ತದೆ.

ಇಂಥ ರಸ್ತೆ ಸುಮ್ಮನೆ ಆಗಿದ್ದಲ್ಲ. ನಡುಭಾಗ ತುಸು ಉಬ್ಬಿರಬೇಕು. ಬಿದ್ದ ನೀರು ಎರಡೂ ಬದಿಗೆ ಹರಿದು ಚರಂಡಿ ಸೇರಬೇಕು. ಚರಂಡಿ ಮುಚ್ಚಿಕೊಂಡರೆ ನೀರು ರಸ್ತೆಯ ಮೇಲೆಯೇ ಹರಿದು ಒಂದೇ ಮಳೆಗಾಲದಲ್ಲಿ ಕೊರಕಲು ಬೀಳುತ್ತದೆ. ಗಾಡಿಗಳ ಓಡಾಟದಿಂದ ಮೇಲಿನ ಕಲ್ಲು ಪಕ್ಕಕ್ಕೆ ಚಿಮ್ಮುತ್ತದೆ, ರಸ್ತೆಯಲ್ಲಿ ಅಲೆ ಅಲೆಯಾಗಿ ಗೆರೆ ಏಳುತ್ತದೆ. ಆದ್ದರಿಂದ ಆಗಾಗ ಕಲ್ಲು ತುಂಬಿ, ಮಟ್ಟ ಮಾಡಿ, ಚರಂಡಿ ಕೆರೆಯುತ್ತಲೇ ಇರಬೇಕು.

ಈ ದಾರಿಗಳ ಹಳಮೆಗೆ ಸಿಯೆನಾದ ಪುರಭವನದಲ್ಲಿ ಒಂದು ಸಾಕ್ಷಿಯಿದೆ. ಅಂಬ್ರೋಜೊ ಲೊರೆಂಜೆತ್ತಿ ಎಂಬ ಕಲಾವಿದ 1338-39ರಲ್ಲಿ ಅಲ್ಲಿನ ಗೋಡೆಯ ಮೇಲೆ ಒಳ್ಳೆಯ ಆಡಳಿತದ ಫಲ ಏನೆಂಬುದನ್ನು ಚಿತ್ರಿಸಿದ. ಚಿತ್ರದ ಅರ್ಧ ಭಾಗ ನಗರ, ಉಳಿದರ್ಧ ಹಳ್ಳಿಗಾಡು. ನಗರದ ಬಾಗಿಲಿನಿಂದ ಹೊರಟ ದಾರಿ ಗುಡ್ಡಗಳ ನಡುವೆ ಇಳಿದು ಹೋಗುತ್ತದೆ. ಅದರ ಮೇಲೆ ಹೇರು ಹೊತ್ತ ಪ್ರಾಣಿಗಳು, ಬೇಟೆಗೆ ಹೊರಟ ಸಿರಿವಂತರು, ಹೊಲದಲ್ಲಿ ದುಡಿಯುವ ರೈತರು. ಆಕಾಶದಲ್ಲಿ 'ಭದ್ರತೆ' ಎಂಬ ಹೆಸರಿನ ದೇವತೆ ಕಾವಲಿಗಿದ್ದಾಳೆ. ಅಂಜಿಕೆಯಿಲ್ಲದೆ ಓಡಾಡಬಹುದಾದ ದಾರಿಯೇ ಒಳ್ಳೆಯ ಆಡಳಿತದ ಗುರುತು ಎಂದು ಆ ಕಾಲದ ಸಿಯೆನಾ ನಂಬಿತ್ತು ಎನ್ನಬಹುದು.

ಮನೆಗೊಂದು ದಾರಿ

ಆದರೆ ಒಂದು ಸಣ್ಣ ಪ್ರದೇಶದಲ್ಲಿ ಇಷ್ಟೊಂದು ದಾರಿಗಳು ಬಲೆಯಂತೆ ಹೆಣೆದುಕೊಂಡದ್ದು ಹೇಗೆ? ಉತ್ತರ ಇರುವುದು ಅಲ್ಲಿನ ಬೇಸಾಯ ಪದ್ಧತಿಯಲ್ಲಿ. ಶತಮಾನಗಳ ಕಾಲ ಟಸ್ಕನಿಯಲ್ಲಿ ನಡೆದುಕೊಂಡು ಬಂದದ್ದು 'ಮೆತ್ಸಾದ್ರಿಯ' ಎಂಬ ಪಾಲು ಸಾಗುವಳಿ. ಹೆಸರೇ ಹೇಳುವಂತೆ ಬೆಳೆದದ್ದರಲ್ಲಿ ಅರ್ಧ ಜಮೀನುದಾರನಿಗೆ, ಅರ್ಧ ಒಕ್ಕಲಿಗೆ. ನಮ್ಮ ಕಡೆಯ ಕೋರು ಪದ್ಧತಿಯನ್ನು ಇದು ನೆನಪಿಗೆ ತರುತ್ತದೆ.

ಒಂದು ವ್ಯತ್ಯಾಸವಿತ್ತು. ಟಸ್ಕನಿಯ ಒಕ್ಕಲು ಕುಟುಂಬ ಊರಿನಲ್ಲಿ ಮನೆ ಮಾಡಿ ಹೊಲಕ್ಕೆ ಹೋಗುತ್ತಿರಲಿಲ್ಲ. ತಾನು ಉಳುವ ಜಮೀನಿನ ನಡುವೆಯೇ, ಒಡೆಯ ಕಟ್ಟಿಸಿಕೊಟ್ಟ ಕಲ್ಲಿನ ಮನೆಯಲ್ಲಿ ವಾಸಿಸಬೇಕಿತ್ತು. ಹೀಗಾಗಿ ಗುಡ್ಡಕ್ಕೊಂದು ಮನೆ, ಮನೆಗೊಂದು ದಾರಿ. ಆ ದಾರಿ ಒಡೆಯನ ಬಂಗಲೆಗೆ, ಗಿರಣಿಗೆ, ಇಗರ್ಜಿಗೆ, ಪಕ್ಕದ ಗುಡ್ಡದ ಮನೆಗೆ ಹೋಗಿ ಸೇರುತ್ತಿತ್ತು. ಎತ್ತಿನ ಗಾಡಿಯಲ್ಲಿ ದ್ರಾಕ್ಷಿ, ಗೋಧಿ, ಆಲಿವ್ ಸಾಗುತ್ತಿದ್ದುದು ಇದೇ ದಾರಿಗಳಲ್ಲಿ. 1716ರಲ್ಲಿ ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಕಿಯಾಂಟಿ ದ್ರಾಕ್ಷಾರಸ ಯಾವ ಗಡಿಯೊಳಗೆ ಬೆಳೆದದ್ದಾಗಿರಬೇಕು ಎಂದು ಆಜ್ಞೆ ಹೊರಡಿಸಿದ್ದ. ಜಗತ್ತಿಗೆ ಆ ದ್ರಾಕ್ಷಾರಸದ ಹೆಸರು ಗೊತ್ತಾಯಿತು. ಅದನ್ನು ಹೊತ್ತು ತಂದ ದಾರಿಗಳು ಮಾತ್ರ ಯಾರ ಗಮನಕ್ಕೂ ಬರಲಿಲ್ಲ.

ಸೈಕಲ್ ಬಂತು, ರಸ್ತೆ ಬೇಕಾಯಿತು

ಸೈಕಲ್ ಇಟಲಿಗೆ ಬೇಗನೇ ಬಂತು. 1870ರ ಜನವರಿಯಲ್ಲಿ ಫ್ಲಾರೆನ್ಸ್‌ನಲ್ಲಿ ಸೈಕಲ್ ಸಂಘ ಹುಟ್ಟಿತು. ಆಗ ಇಟಲಿಯ ರಾಜಧಾನಿಯೇ ಫ್ಲಾರೆನ್ಸ್. ಮರುತಿಂಗಳು, ಫೆಬ್ರವರಿ 2ರಂದು, ಆ ಸಂಘ ಫ್ಲಾರೆನ್ಸ್‌ನಿಂದ ಪಿಸ್ತೋಯದವರೆಗೆ ಸುಮಾರು 33 ಕಿ.ಮೀ. ಪಂದ್ಯ ನಡೆಸಿತು. ಒಂದು ಊರಿನಿಂದ ಇನ್ನೊಂದು ಊರಿಗೆ ನಡೆದ ಜಗತ್ತಿನ ಮೊದಮೊದಲ ಸೈಕಲ್ ಪಂದ್ಯಗಳಲ್ಲಿ ಇದೊಂದು. ಗೆದ್ದವನು ರಿನ್ನರ್ ವಾನ್ ಹೆಸ್ಟ್ ಎಂಬ ಅಮೆರಿಕನ್ ಹುಡುಗ.

ಆ ಕಾಲದ ಅತ್ಯುತ್ತಮ ರಸ್ತೆ ಎಂದರೆ 'ಮೆಕಾಡಂ' ರಸ್ತೆ. ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಂ 19ನೆಯ ಶತಮಾನದ ಆರಂಭದಲ್ಲಿ ಒಂದು ಸರಳ ಸತ್ಯ ಕಂಡುಕೊಂಡಿದ್ದ. ರಸ್ತೆಗೆ ಹಾಸುವ ಕಲ್ಲು ಗಾಡಿಯ ಚಕ್ರದ ಅಗಲಕ್ಕಿಂತ ಬಹಳ ಚಿಕ್ಕದಾಗಿದ್ದರೆ, ಚಕ್ರಗಳು ಅದನ್ನು ಕಿತ್ತು ಹಾಕುವ ಬದಲು ಇನ್ನಷ್ಟು ಗಟ್ಟಿಯಾಗಿ ಒತ್ತುತ್ತವೆ. ಕೆಳಗಿನ ಮಣ್ಣು ಒಣಗಿದ್ದರೆ ಸಾಕು, ಕಲ್ಲಿನ ಈ ಪದರ ಎಷ್ಟು ಭಾರವನ್ನಾದರೂ ಹೊರುತ್ತದೆ. ಇಂದು ನಾವು 'ಜಲ್ಲಿ ರಸ್ತೆ' ಎಂದು ಮೂಗು ಮುರಿಯುವುದು ಆಗಿನ ಹೆದ್ದಾರಿ.

ಭಾರತದಲ್ಲೂ ಅಂಥದೊಂದು ಹೆದ್ದಾರಿಯಿತ್ತು. 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಎತ್ತರದ ಚಕ್ರದ ಸೈಕಲ್ ಏರಿ ಹೊರಟ ಥಾಮಸ್ ಸ್ಟೀವನ್ಸ್, ಸೈಕಲ್‌ನಲ್ಲಿ ಭೂಮಿ ಸುತ್ತಿದ ಮೊದಲಿಗ ಎನಿಸಿಕೊಂಡವನು. 1886ರಲ್ಲಿ ಆತ ಲಾಹೋರಿನಿಂದ ಕಲ್ಕತ್ತೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಸೈಕಲ್ ತುಳಿದ. ಕಂಕರ್ ಹಾಸಿ ಗಟ್ಟಿ ಮಾಡಿದ ಆ ರಸ್ತೆ, ಅಂದರೆ ಸುಣ್ಣದ ಗಂಟುಗಳ ಜಲ್ಲಿ ರಸ್ತೆ, ಅವನ ಮೆಚ್ಚುಗೆಗೆ ಪಾತ್ರವಾಯಿತು.

ಆದರೆ ಎಲ್ಲ ಕಡೆ ಸ್ಥಿತಿ ಹೀಗಿರಲಿಲ್ಲ. ರೈಲು ಬಂದ ಮೇಲೆ ದೂರ ಪ್ರಯಾಣಕ್ಕೆ ರಸ್ತೆ ಬೇಡವಾಗಿ, ಯುರೋಪ್ ಮತ್ತು ಅಮೆರಿಕದ ಹಳ್ಳಿ ರಸ್ತೆಗಳು ಹಾಳು ಬಿದ್ದಿದ್ದವು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಈಗಿನ ರೂಪದ, ಎರಡೂ ಚಕ್ರ ಸರಿಸಮವಿರುವ 'ರೋವರ್' ಸೈಕಲ್ ತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. ಸೈಕಲ್ ಜನಸಾಮಾನ್ಯರ ವಾಹನವಾಯಿತು. ರಸ್ತೆಯ ಹೊಂಡಗಳು ಜನಸಾಮಾನ್ಯರ ಪ್ರಶ್ನೆಯಾದವು.

ಇಂಗ್ಲೆಂಡಿನ ಸೈಕಲ್ ಸಂಘಗಳು 1886ರಲ್ಲಿ ರಸ್ತೆ ಸುಧಾರಣಾ ಸಂಘವನ್ನು ಕಟ್ಟಿದವು. ಅಮೆರಿಕದಲ್ಲಿ 1880ರಲ್ಲಿ ಹುಟ್ಟಿದ ಸೈಕಲ್ ಸವಾರರ ಒಕ್ಕೂಟ 'ಗುಡ್ ರೋಡ್ಸ್' ಎಂಬ ಪತ್ರಿಕೆಯನ್ನೇ 1892ರಲ್ಲಿ ಆರಂಭಿಸಿತು. ಕೆಸರು ರಸ್ತೆಯಿಂದ ರೈತನಿಗೆ ಆಗುವ ನಷ್ಟವೆಷ್ಟು ಎಂದು ಅದು ಲೆಕ್ಕ ಹಾಕಿ ತೋರಿಸಿತು. ಮೊದಮೊದಲು ರೈತರು ಒಪ್ಪಲಿಲ್ಲ. ಪಟ್ಟಣದ ಶೋಕಿಲಾಲರ ಸವಾರಿಗೆ ತಾವೇಕೆ ತೆರಿಗೆ ಕಟ್ಟಬೇಕು ಎಂಬುದು ಅವರ ವಾದ. ಕೊನೆಗೆ 1893ರಲ್ಲಿ ಅಮೆರಿಕ ಸರ್ಕಾರ ಕೃಷಿ ಇಲಾಖೆಯಡಿ ರಸ್ತೆಗಳ ಕಚೇರಿಯನ್ನು ತೆರೆಯಿತು. ಇಂದಿನ ಹೆದ್ದಾರಿ ಇಲಾಖೆಯ ಮೂಲ ಅದೇ.

ಧೂಳು ಮತ್ತು ಡಾಂಬರು

ಆಮೇಲೆ ಬಂದದ್ದು ಮೋಟಾರು ಕಾರು. ಮೆಕಾಡಂ ರಸ್ತೆಗೆ ಎತ್ತಿನ ಗಾಡಿ, ಸೈಕಲ್ ಭಾರವಾಗಿರಲಿಲ್ಲ. ಕಾರಿನ ವೇಗವಾದ ರಬ್ಬರ್ ಚಕ್ರಗಳು ಮಾತ್ರ ಕಲ್ಲುಗಳ ನಡುವಿನ ಪುಡಿಯನ್ನು ಹೀರಿ ಗಾಳಿಗೆ ತೂರಿದವು. ಬಂಧವಾಗಿದ್ದ ಪುಡಿ ಹೋದ ಮೇಲೆ ಕಲ್ಲು ಸಡಿಲವಾಯಿತು. ದಾರಿಯ ಪಕ್ಕದ ಮನೆ, ಬೆಳೆಗಳ ಮೇಲೆಲ್ಲ ಧೂಳು. 1902ರಲ್ಲಿ ಸ್ವಿಟ್ಜರ್ಲೆಂಡಿನ ಡಾ. ಗುಲ್ಯೆಲ್ಮಿನೆತ್ತಿ ಎಂಬ ವೈದ್ಯ ಮೊನಾಕೊದ ರಸ್ತೆಗೆ ಬಿಸಿ ಟಾರು ಬಳಿಸಿ ಧೂಳಿಗೆ ಕಡಿವಾಣ ಹಾಕಿದ. ಜನ ಅವನನ್ನು 'ಟಾರು ಡಾಕ್ಟರ್' ಎಂದೇ ಕರೆದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಡ್ಗರ್ ಹೂಲಿ ಕಲ್ಲು ಮತ್ತು ಟಾರು ಬೆರೆಸುವ ವಿಧಾನಕ್ಕೆ ಪೇಟೆಂಟ್ ಪಡೆದ.

ಸೈಕಲ್ ಸವಾರರು ಕಂಡ ಕನಸು ನನಸಾಯಿತು. ಆದರೆ ಆ ನುಣುಪು ರಸ್ತೆಯಲ್ಲಿ ಬರಬರುತ್ತ ಕಾರಿಗೆ ದಾರಿ ಬಿಟ್ಟು ಅಂಚಿನಲ್ಲಿ ಸಾಗುವ ಸ್ಥಿತಿ ಅವರದಾಯಿತು.

ಕಲ್ಲುದಾರಿಯ ವೀರರು

ಟಾರು ಎಲ್ಲ ಕಡೆ ತಕ್ಷಣ ತಲುಪಲಿಲ್ಲ. ಇಟಲಿಯ ಸೈಕಲ್ ಪಂದ್ಯಗಳ ಸುವರ್ಣಯುಗ ಎಂದು ಕರೆಯುವ ಕಾಲವೆಲ್ಲ ಕಳೆದದ್ದು ಕಲ್ಲುದಾರಿಯಲ್ಲೇ. 'ಗಜೆಟಾ ಡೆಲ್ಲೊ ಸ್ಪೋರ್ಟ್' ಎಂಬ ಪತ್ರಿಕೆ ಪ್ರಸಾರ ಹೆಚ್ಚಿಸಿಕೊಳ್ಳಲು 1909ರಲ್ಲಿ ದೇಶ ಸುತ್ತುವ 'ಜೀರೊ ದಿತಾಲಿಯ' ಪಂದ್ಯ ಶುರು ಮಾಡಿತು. ಎಂಟು ಹಂತ, ಒಟ್ಟು 2,448 ಕಿ.ಮೀ. ಹೊರಟವರು 127 ಮಂದಿ, ಮುಗಿಸಿದವರು 49. ಗೆದ್ದ ಲುಯಿಜಿ ಗನ್ನಾ ಗಾರೆ ಕೆಲಸದವನು. ಗೆದ್ದ ಮೇಲೆ ಏನನ್ನಿಸುತ್ತಿದೆ ಎಂದು ಕೇಳಿದ್ದಕ್ಕೆ, ಕೂರುವ ಜಾಗ ಉರಿಯುತ್ತಿದೆ ಎಂದನಂತೆ. ಆ ಮಾತು ಇಟಲಿಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

1924ರ ಜೀರೊದಲ್ಲಿ ಆಲ್ಫೊನ್ಸಿನಾ ಸ್ತ್ರಾದಾ ಎಂಬ ಮಹಿಳೆ ಗಂಡಸರ ಜೊತೆ ಸ್ಪರ್ಧಿಸಿದಳು. ಕೈಹಿಡಿದ ಗಂಡನಿಂದ ಬಂದ ಆ ಹೆಸರಿನ ಅರ್ಥವೂ 'ರಸ್ತೆ' ಎಂದೇ. ಲಾಕ್ವಿಲಾದಿಂದ ಪೆರೂಜಾಕ್ಕೆ ಹೋಗುವ ಹಂತದಲ್ಲಿ ಮಳೆ, ಗಾಳಿ, ಕೆಸರಿನ ನಡುವೆ ಬಿದ್ದು ಅವಳ ಹ್ಯಾಂಡಲ್ ಮುರಿಯಿತು. ಕಸಪೊರಕೆಯ ಕೋಲು ಕಟ್ಟಿಕೊಂಡು ಸೈಕಲ್ ತುಳಿದಳು. ನಿಗದಿತ ವೇಳೆ ಮೀರಿದ್ದರಿಂದ ಪಟ್ಟಿಯಿಂದ ಹೆಸರು ಹೋಯಿತು. ಆದರೂ ಪಂದ್ಯದ ಜೊತೆ ಸಾಗಲು ಅನುಮತಿ ಸಿಕ್ಕಿತು, ಮಿಲಾನ್ ತಲುಪಿದಳು. ಅಂದು ಹೊರಟ 90 ಮಂದಿಯಲ್ಲಿ ಪಟ್ಟಿಯಲ್ಲಿ ಉಳಿದವರು 30 ಮಾತ್ರ.

ಫ್ಲಾರೆನ್ಸ್ ಪಕ್ಕದ ಹಳ್ಳಿಯ ಜೀನೊ ಬಾರ್ತಲಿಯ ಕಥೆ ಇನ್ನೂ ಬೇರೆ. 1938 ಮತ್ತು 1948ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಈತ ಯುದ್ಧಕಾಲದಲ್ಲಿ ಅಭ್ಯಾಸದ ನೆಪದಲ್ಲಿ ಸೈಕಲ್ ಹತ್ತಿ, ಯೆಹೂದಿಗಳ ಜೀವ ಉಳಿಸುವ ಸುಳ್ಳು ಗುರುತಿನ ಪತ್ರಗಳನ್ನು ಸೈಕಲ್‌ನ ಕೊಳವೆಯೊಳಗೆ ಅಡಗಿಸಿ ಸಾಗಿಸುತ್ತಿದ್ದ. ಬದುಕಿದ್ದಾಗ ಇದನ್ನು ಹೇಳಿಕೊಂಡವನಲ್ಲ. 2000ದಲ್ಲಿ ಆತ ತೀರಿಕೊಂಡ. 2013ರಲ್ಲಿ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ ಅವನಿಗೆ ಮರಣೋತ್ತರ ಗೌರವ ನೀಡಿತು.

ಜನ ಹೋದರು, ದಾರಿ ಉಳಿಯಿತು

ಎರಡನೆಯ ಮಹಾಯುದ್ಧದ ನಂತರ ಇಟಲಿ ಬಹುಬೇಗ ಬದಲಾಯಿತು. ಕಾರ್ಖಾನೆಗಳು ಎದ್ದವು, ಮನೆ ಮನೆಗೆ ಸ್ಕೂಟರ್, ಆಮೇಲೆ ಸಣ್ಣ ಫಿಯೆಟ್ ಕಾರು ಬಂತು. 1964ರ ಶರತ್ಕಾಲದಲ್ಲಿ ಮೂರು ವಾರಗಳ ಅಂತರದಲ್ಲಿ ಎರಡು ಘಟನೆಗಳು ನಡೆದವು. ಸೆಪ್ಟೆಂಬರ್ 15ರ ಕಾನೂನು ಹೊಸದಾಗಿ ಪಾಲು ಸಾಗುವಳಿ ಕರಾರು ಮಾಡಿಕೊಳ್ಳುವುದನ್ನು ನಿಷೇಧಿಸಿತು. ಅಕ್ಟೋಬರ್ 4ರಂದು ಮಿಲಾನ್‌ನಿಂದ ಫ್ಲಾರೆನ್ಸ್ ಮೂಲಕ ನೇಪಲ್ಸ್‌ಗೆ ಹೋಗುವ 'ಸೂರ್ಯನ ಹೆದ್ದಾರಿ' ಪೂರ್ಣಗೊಂಡಿತು. ಒಂದು ಹಳೆಯ ಟಸ್ಕನಿಯ ಬಾಗಿಲು ಮುಚ್ಚಿತು, ಇನ್ನೊಂದು ಹೊಸ ಇಟಲಿಯ ಬಾಗಿಲು ತೆರೆಯಿತು.

ಅಷ್ಟರಲ್ಲಿ ಒಕ್ಕಲುಗಳು ಗುಡ್ಡ ಇಳಿಯತೊಡಗಿ ವರ್ಷಗಳೇ ಆಗಿದ್ದವು. ಕರ್ನಾಟಕದಲ್ಲಿ 1974ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರನನ್ನು ಅದೇ ನೆಲದ ಒಡೆಯನನ್ನಾಗಿಸಲು ಹೊರಟಿತು. ಟಸ್ಕನಿಯಲ್ಲಿ ಕಾನೂನು ಬರುವ ಹೊತ್ತಿಗೆ ಯುವಕರು ಉಳುಮೆಯನ್ನೇ ಬಿಟ್ಟು ಕಣಿವೆಯ ಪಟ್ಟಣಗಳಿಗೆ, ಕಾರ್ಖಾನೆಗಳಿಗೆ ಹೊರಟಿದ್ದರು. ಕರೆಂಟಿಲ್ಲದ, ನಲ್ಲಿಯಿಲ್ಲದ ಕಲ್ಲಿನ ಮನೆಯಲ್ಲಿ, ಬೆಳೆದದ್ದರಲ್ಲಿ ಅರ್ಧ ಕೊಟ್ಟು ಬದುಕುವ ಬಾಳು ಯಾರಿಗೂ ಬೇಕಿರಲಿಲ್ಲ. ಮನೆಗಳು ಖಾಲಿಯಾದವು.

ಬಿಳಿ ದಾರಿಗಳು ಉಳಿದದ್ದಕ್ಕೆ ದೊಡ್ಡ ಕಾರಣ ಇದೇ. ಊರುಗಳನ್ನು ಜೋಡಿಸುವ ರಸ್ತೆಗಳಿಗೆ ಡಾಂಬರು ಬಂತು. ಖಾಲಿ ಮನೆಗಳಿಗೆ ಹೋಗುವ ದಾರಿಗೆ ಡಾಂಬರು ಕೇಳುವವರೇ ಇರಲಿಲ್ಲ. ಯಾರೋ ಪ್ರೀತಿಯಿಂದ ಉಳಿಸಿಕೊಂಡದ್ದಲ್ಲ ಅದು, ಬೇಡವಾಗಿ ಉಳಿದದ್ದು. ಕ್ರಮೇಣ ಹೊರಗಿನವರು ಬಂದರು. ಇಂಗ್ಲಿಷರು, ಜರ್ಮನ್ನರು ಆ ಮನೆಗಳನ್ನು ಕೊಂಡು ರಿಪೇರಿ ಮಾಡಿಸಿದರು. ಇಂಗ್ಲಿಷರ ಸಂಖ್ಯೆ ಕಂಡು ಪತ್ರಿಕೆಗಳು ಈ ಪ್ರದೇಶವನ್ನು 'ಕಿಯಾಂಟಿಶೈರ್' ಎಂದು ಗೇಲಿ ಮಾಡಿದವು. ರೈತರ ಮನೆಯಲ್ಲಿ ಪ್ರವಾಸಿಗರನ್ನು ಉಳಿಸಿಕೊಳ್ಳುವ ಪದ್ಧತಿಗೆ 1985ರಲ್ಲಿ ಕಾನೂನಿನ ಚೌಕಟ್ಟು ಸಿಕ್ಕಿತು. ಮನೆಗೆ ಜನ ಮರಳಿದಂತೆ ದಾರಿಗೆ ಡಾಂಬರು ಹಾಕಿ ಎಂಬ ಬೇಡಿಕೆಯೂ ಮರಳಿತು.

92 ಮಂದಿಯ ಸವಾರಿ

ಇಂಥ ಸಮಯದಲ್ಲಿ, 1997ರಲ್ಲಿ, ಗಾಯೊಲೆಯ ಜಾಂಕಾರ್ಲೊ ಬ್ರೋಚಿ 'ಎರೋಯಿಕಾ' ಎಂಬ ಸೈಕಲ್ ಸವಾರಿ ಏರ್ಪಡಿಸಿದರು. ವೀರೋಚಿತ ಎಂಬುದು ಹೆಸರಿನ ಅರ್ಥ. ಬಾರ್ತಲಿ, ಕೊಪ್ಪಿಯವರ ಕಾಲದ ಸೈಕ್ಲಿಂಗ್ ಬಗ್ಗೆ ಅವರಿಗೆ ಅಪಾರ ಅಭಿಮಾನ. ಆ ಕಾಲವನ್ನು ನೆನೆಯುವುದರ ಜೊತೆಗೆ, ಉಳಿದಿರುವ ಬಿಳಿ ರಸ್ತೆಗಳನ್ನು ಡಾಂಬರಿನಿಂದ ಕಾಪಾಡುವುದೂ ಸವಾರಿಯ ಉದ್ದೇಶವಾಗಿತ್ತು. ಮೊದಲ ವರ್ಷ ಬಂದವರು 92 ಮಂದಿ.

ನಿಯಮಗಳು ಕಟ್ಟುನಿಟ್ಟು. ಸೈಕಲ್ 1987ಕ್ಕಿಂತ ಹಿಂದಿನದಾಗಿರಬೇಕು. ಗೇರಿನ ಸನ್ನೆ ಕೆಳಕೊಳವೆಯ ಮೇಲಿರಬೇಕು, ಬ್ರೇಕಿನ ತಂತಿ ಹ್ಯಾಂಡಲ್‌ನ ಹೊರಗೆ ಕಾಣಬೇಕು, ಪೆಡಲಿಗೆ ಹಳೆಯ ಪಟ್ಟಿಯೇ ಇರಬೇಕು. ದಾರಿಯಲ್ಲಿ ಸಿಗುವ ಊಟವೂ ಹಳೆಯ ರೈತರದೇ: ಹಿಂದಿನ ದಿನದ ರೊಟ್ಟಿ, ಬೀನ್ಸ್ ಕಾಳು, ಸೊಪ್ಪು ಹಾಕಿ ಕುದಿಸಿದ 'ರಿಬೊಲ್ಲಿತಾ', ಕುರಿಹಾಲಿನ ಗಿಣ್ಣು, ದ್ರಾಕ್ಷಾರಸದಲ್ಲಿ ನೆನೆಸಿ ಸಕ್ಕರೆ ಉದುರಿಸಿದ ರೊಟ್ಟಿ. ಉದ್ದದ ಮಾರ್ಗ 209 ಕಿ.ಮೀ.; ಅದರಲ್ಲಿ ಅರ್ಧಕ್ಕೂ ಹೆಚ್ಚು ಕಲ್ಲುದಾರಿ. ಗಾಯೊಲೆಯ ಕಾಡಿನಿಂದ ಹೊರಟು, ದಕ್ಷಿಣದ ಮೊಂತಾಲ್ಚಿನೊ ಮುಟ್ಟಿ, ಆಶಿಯಾನೊದ ಜೇಡಿ ದಿಬ್ಬಗಳನ್ನು ದಾಟಿ ಮತ್ತೆ ಕಾಡಿಗೆ ಮರಳಬೇಕು. ವರ್ಷದ ಯಾವ ದಿನವಾದರೂ ಯಾರು ಬೇಕಾದರೂ ತುಳಿಯಲು ಅನುಕೂಲವಾಗುವಂತೆ ಈ ಮಾರ್ಗಕ್ಕೆ ಶಾಶ್ವತ ಕೈಕಂಬಗಳನ್ನು ನೆಟ್ಟಿದ್ದಾರೆ.

ಕೆಟ್ಟ ರಸ್ತೆಯನ್ನು ಸೈಕಲ್ ಕಾಪಾಡಿದ ಉದಾಹರಣೆ ಇದೊಂದೇ ಅಲ್ಲ. ಫ್ರಾನ್ಸಿನಲ್ಲಿ 1896ರಿಂದ ನಡೆಯುವ ಪ್ಯಾರಿಸ್-ರೂಬೇ ಪಂದ್ಯ ಅಲ್ಲಿನ ಕಲ್ಲುಹಾಸಿನ ದಾರಿಗಳಿಗೆ ಪ್ರಸಿದ್ಧ. ಟೆಲಿವಿಷನ್ ಬಂದ ಮೇಲೆ, ತಮ್ಮ ಊರು ಹಿಂದುಳಿದದ್ದೆಂದು ದೇಶ ಕಂಡೀತೆಂಬ ನಾಚಿಕೆಯಿಂದ ಅಲ್ಲಿನ ಊರುಗಳ ಮೇಯರ್‌ಗಳು ಕಲ್ಲಿನ ಮೇಲೆ ಡಾಂಬರು ಸುರಿಸಿದರು. ಸಂಘಟಕರು ಹೊಸ ಕಲ್ಲುದಾರಿಗಳನ್ನು ಹುಡುಕಬೇಕಾಯಿತು. 1968ರಲ್ಲಿ ಅರೆನ್‌ಬರ್ಗ್ ಕಾಡಿನ ದಾರಿಯನ್ನು ಪಂದ್ಯಕ್ಕೆ ಸೂಚಿಸಿದ್ದು ಜಾನ್ ಸ್ಟಾಬ್ಲಿನ್‌ಸ್ಕಿ. ಆ ಕಾಡಿನ ಗಣಿಯಲ್ಲಿ ದುಡಿದು ಆಮೇಲೆ ಸೈಕಲ್ ಚಾಂಪಿಯನ್ ಆದವರು. ಈಗ ಅಭಿಮಾನಿಗಳ ಸಂಘವೊಂದು ಆ ಕಲ್ಲುಗಳನ್ನು ಜೋಡಿಸಿ ನೋಡಿಕೊಳ್ಳುತ್ತದೆ.

ಕಚ್ಚಾ ರಸ್ತೆಗೆ ಬೆಲೆ ಬಂತು

ಎರೋಯಿಕಾದ ಯಶಸ್ಸು ಕಂಡು 2007ರ ಅಕ್ಟೋಬರ್ 9ರಂದು ಅದೇ ದಾರಿಗಳಲ್ಲಿ ವೃತ್ತಿಪರರ ಪಂದ್ಯ ನಡೆಯಿತು. ರಷ್ಯಾದ ಅಲೆಕ್ಸಾಂಡರ್ ಕೊಲೊಬ್ನೆವ್ ಗೆದ್ದರು. ಮರುವರ್ಷ ಮಾರ್ಚ್ ತಿಂಗಳಿಗೆ ಸರಿದ ಈ ಪಂದ್ಯದ ಹೆಸರೇ ಈಗ 'ಸ್ತ್ರಾದೆ ಬ್ಯಾಂಕೆ'. ಕಲ್ಲುದಾರಿಗಳನ್ನು ಸುತ್ತಿ ಬಂದ ಸವಾರರು ಕೊನೆಗೆ ಕಡಿದಾದ ಸಾಂತಾ ಕತೆರಿನಾ ಬೀದಿ ಏರಿ, ಕುದುರೆ ಪಂದ್ಯಕ್ಕೆ ಹೆಸರಾದ ಸಿಯೆನಾದ ಕಾಂಪೊ ಚೌಕದಲ್ಲಿ ಪಂದ್ಯ ಮುಗಿಸುತ್ತಾರೆ. ಲೊರೆಂಜೆತ್ತಿಯ ಚಿತ್ರವಿರುವ ಪುರಭವನ ಅದೇ ಚೌಕದಲ್ಲಿದೆ. ಸ್ವಿಟ್ಜರ್ಲೆಂಡಿನ ಫಾಬಿಯನ್ ಕಾನ್ಸೆಲಾರ 2008, 2012, 2016ರಲ್ಲಿ ಗೆದ್ದಿದ್ದಕ್ಕೆ ಒಂದು ಕಲ್ಲುದಾರಿಗೆ ಅವರ ಹೆಸರಿಟ್ಟರು. 2015ರಿಂದ ಮಹಿಳೆಯರ ಪಂದ್ಯವೂ ನಡೆಯುತ್ತಿದೆ. 2010ರ ಜೀರೊದಲ್ಲಿ ಮೊಂತಾಲ್ಚಿನೊ ಹಂತದ ದಿನ ಮಳೆ ಸುರಿದು, ಗುರುತೇ ಸಿಗದಂತೆ ಕೆಸರು ಮೆತ್ತಿಕೊಂಡು ಸವಾರರು ಬಂದ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು.

ಬೇರೆಡೆಯೂ ಜನ ಡಾಂಬರು ಬಿಟ್ಟು ಒಳದಾರಿ ಹಿಡಿದಿದ್ದರು. ಇಂಗ್ಲೆಂಡಿನಲ್ಲಿ 1955ರಷ್ಟು ಹಿಂದೆಯೇ ಲೆಮ್‌ಸ್ಟರ್ ಎಂಬ ಊರಿನಲ್ಲಿ ಸೇರಿದ ಕೆಲವರು ಕಾಡುದಾರಿ, ಬೆಟ್ಟದ ದಾರಿಗಳಲ್ಲೇ ಸೈಕಲ್ ತುಳಿಯುವ ಸಂಘ ಕಟ್ಟಿದ್ದರು. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಫ್ಲಿಂಟ್ ಹಿಲ್ಸ್ ಎಂಬ ಕಲ್ಲು ದಿಬ್ಬಗಳ ನಡುವೆ 2006ರಲ್ಲಿ 200 ಮೈಲಿಯ ಜಲ್ಲಿ ರಸ್ತೆ ಪಂದ್ಯ ಆರಂಭವಾಯಿತು. ಸೈಕಲ್ ಕಂಪನಿಗಳು ಅಗಲ ಟೈರಿನ, ಡಿಸ್ಕ್ ಬ್ರೇಕಿನ, ಏರಿಗೆ ಹಗುರ ಗೇರಿನ 'ಗ್ರಾವೆಲ್' ಸೈಕಲ್‌ಗಳನ್ನೇ ಮಾರುಕಟ್ಟೆಗೆ ತಂದವು. ಅಗಲ ಟೈರಿನಲ್ಲಿ ಕಡಿಮೆ ಒತ್ತಡದ ಗಾಳಿ ಸಾಕು. ಕಲ್ಲಿನ ಏಟನ್ನು ಟೈರೇ ನುಂಗುತ್ತದೆ. 2022ರಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟದ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಇಟಲಿಯ ವೆನೆತೊ ಪ್ರಾಂತ್ಯದಲ್ಲಿ.

ದಾರಿ ಯಾರಿಗೆ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ವರ್ಷಕ್ಕೊಮ್ಮೆ ಬಂದು ಹೋಗುವ ಸವಾರನಿಗೆ ಕಲ್ಲುದಾರಿ ಚೆಂದ. ದಿನವೂ ಅದರಲ್ಲಿ ಓಡಾಡುವವನಿಗೆ? ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದವರಿಗೆ, ಶಾಲೆಯ ಮಕ್ಕಳಿಗೆ, ಹಾಲು ತರಕಾರಿ ಸಾಗಿಸುವವರಿಗೆ ಡಾಂಬರು ಎಂಬುದು ಅಂದಚೆಂದದ ಮಾತಲ್ಲ. ಭಾರತದಲ್ಲಿ 2000ದಲ್ಲಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾದಾಗ ಅದರ ಗುರಿಯೇ ಸರ್ವಋತು ರಸ್ತೆಯಿಲ್ಲದ ಹಳ್ಳಿಗಳನ್ನು ರಸ್ತೆಗೆ ಜೋಡಿಸುವುದಾಗಿತ್ತು. ಮಳೆಗಾಲದಲ್ಲಿ ರೋಗಿಯನ್ನು ಹೊತ್ತು ಕೆಸರಲ್ಲಿ ನಡೆದವರ ಎದುರು ಕಚ್ಚಾ ರಸ್ತೆಯ ಸೊಬಗನ್ನು ಹಾಡುವಂತಿಲ್ಲ. ಟಸ್ಕನಿಯ ಒಕ್ಕಲುಗಳೂ ಆ ಸೊಬಗನ್ನು ಬಿಟ್ಟೇ ಹೋದವರು.

ಅಮೆರಿಕದ ರೈತರು ಅಂದು ಕೇಳಿದ್ದ ಪ್ರಶ್ನೆ ಈಗ ತಲೆಕೆಳಗಾಗಿ ನಿಂತಿದೆ. ಪಟ್ಟಣದವರ ಶೋಕಿಗೆ ನಾವೇಕೆ ಒಳ್ಳೆಯ ರಸ್ತೆ ಮಾಡಿಸಬೇಕು ಎಂದರು ಅವರು. ಪಟ್ಟಣದವರ ಶೋಕಿಗೆ ನಾವೇಕೆ ಕೆಟ್ಟ ರಸ್ತೆಯಲ್ಲಿ ಇರಬೇಕು ಎಂದು ಇಂದಿನ ಹಳ್ಳಿಯವರು ಕೇಳಿದರೆ ತಪ್ಪೇನಿಲ್ಲ. ಟಸ್ಕನಿಯ ಅನುಭವ ಇದಕ್ಕೆ ಪೂರ್ತಿ ಉತ್ತರ ಕೊಡುವುದಿಲ್ಲ, ಒಂದು ದಾರಿ ತೋರಿಸುತ್ತದೆ. ಎಲ್ಲ ರಸ್ತೆಯೂ ಕಲ್ಲಿನದಾಗಿ ಉಳಿಯಬೇಕೆಂದು ಅಲ್ಲಿ ಯಾರೂ ಹಟ ಹಿಡಿದಿಲ್ಲ. ಊರಿಂದೂರಿಗೆ ಡಾಂಬರು ರಸ್ತೆಯಿದೆ. ಕಾಡಿನ, ದಿಬ್ಬದ ಒಳದಾರಿಗಳಲ್ಲಿ ಕೆಲವನ್ನು ಆರಿಸಿ ಹಾಗೆಯೇ ಇಟ್ಟುಕೊಂಡದ್ದಕ್ಕೆ ಊಟ, ವಸತಿ, ದ್ರಾಕ್ಷಾರಸದ ವ್ಯಾಪಾರ ಜೊತೆಯಾಗಿದೆ. ದಾರಿಯ ಆದಾಯ ಅಲ್ಲಿ ಬಾಳುವವರ ಕೈಗೂ ಸೇರಿದರೆ ಮಾತ್ರ ಈ ಒಪ್ಪಂದ ನಿಲ್ಲುತ್ತದೆ.

ಇನ್ನೊಂದು ಮಾತು. ಹಾಗೆಯೇ ಬಿಟ್ಟರೆ ಬಿಳಿ ದಾರಿ ಬಿಳಿ ದಾರಿಯಾಗಿ ಉಳಿಯುವುದಿಲ್ಲ. ಇವುಗಳಲ್ಲಿ ಕೆಲವು ಪುರಸಭೆಗೆ ಸೇರಿದವು, ಕೆಲವು ಅಕ್ಕಪಕ್ಕದ ಜಮೀನುದಾರರು ಸೇರಿ ನೋಡಿಕೊಳ್ಳಬೇಕಾದವು. ಚಳಿಗಾಲದ ಮಳೆ ಮುಗಿಯುತ್ತಿದ್ದಂತೆ ಚರಂಡಿ ತೆಗೆಯಬೇಕು, ಕೊರಕಲಿಗೆ ಕಲ್ಲು ತುಂಬಬೇಕು, ನಡುವೆ ಉಬ್ಬಿಸಿ ರೋಲರ್ ಓಡಿಸಬೇಕು. ಹಿಂದೆ ಒಕ್ಕಲುಗಳು ಈ ದುಡಿಮೆಗೆ ಕೈಹಚ್ಚುತ್ತಿದ್ದರು. ಈಗ ಆ ಕೈಗಳಿಲ್ಲ. ನಾಲ್ಕಾರು ವರ್ಷ ಕೆಲಸ ನಿಂತರೆ ಡಾಂಬರು ಬರುವ ಮೊದಲೇ ಓಕ್ ಸಸಿಗಳು ದಾರಿಯ ಮೇಲೆ ಎದ್ದಿರುತ್ತವೆ.